ಮುಂದಿನ ಕಿಮ್ಮತ್ತು

ಆಳಂದದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಆ ದಿನ ಬೆಳಿಗ್ಗೆ ಖಮರನ ಪಾಲಿಗೆ ಬಂದ ಮಿರ್ಚಿ ಭಜಿ ಸ್ವಲ್ಪ ಸಪ್ಪೆಯಾಗಿದ್ದರೆ ಅವನ ಬದುಕು ಎಂದಿನಂತೆ ನಡೆದುಕೊಂಡು ಹೋಗುತ್ತಿತ್ತು. ಅದು ಸಪ್ಪೆಯಾಗಿರಲಿಲ್ಲ.

ಮಂಡಕ್ಕಿ ಸುಸಲಾದ ತಟ್ಟೆಯ ಅಂಚಿಗೆ ಒರಗಿಕೊಂಡಿದ್ದ ಮಿರ್ಚಿಯನ್ನು ಅವನು ಇಡಿಯಾಗಿ ಬಾಯಿಗೆ ಹಾಕಿಕೊಂಡ ಗಳಿಗೆಗೆ ಸರಿಯಾಗಿ ಬುರಾನುದ್ದೀನ ಸೇಠರು ಹೋಟೆಲಿನೊಳಗೆ ಬಂದರು. ಸೇಠರಿಗೆ ಊರಾಚೆ ದೊಡ್ಡ ದಾಲ್ ಮಿಲ್ಲು. ತೊಗರಿ ಕೊಂಡು ಬೇಳೆ ಮಾಡಿ ಮಾರುವ ಮನುಷ್ಯ ಎರಡು ವರ್ಷದ ಹಿಂದೆ ಯಾವ ಹುಕಿಗೋ ಏನೋ ದಖ್ಖನ್ ಲೀಗಿನಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ತಂಡವನ್ನೇ ಕೊಂಡುಬಿಟ್ಟಿದ್ದರು. ಸಂಬಳ ಕೊಟ್ಟು ಆಡಿಸುವ ಪಕ್ಕಾ ವೃತ್ತಿಪರ ತಂಡ. ಹೆಸರು ಭೀಮಾ ಬಿಜಲಿ. ಕೊಂಡ ದಿನದಿಂದಲೂ ಈ ಬಿಜಲಿ ಕರೆಂಟ್ ಹೋದ ಮನೆಯ ಹಾಗೆ ಪಟ್ಟಿಯ ಕೊನೆಯಲ್ಲಿ ಮಂಕಾಗಿ ಕೂತಿತ್ತು. ತಂಡದ ಕೋಚ್ ಮದುವೆಗೆಂದು ಸೋಲಾಪುರಕ್ಕೆ ಹೋದವನು ಈಗ ಫೋನು ಎತ್ತುವುದನ್ನೂ ಬಿಟ್ಟಿದ್ದ.

ಸೇಠರ ಕಣ್ಣು ಖಮರನ ಮೇಲೆ ಬಿತ್ತು. ಬೀಳದೆ ಇರುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಖಮರ ಆರಡಿಯ ಮೇಲೆ ಇನ್ನೂ ಒಂದು ಗೇಣು. ಈ ಎತ್ತರವನ್ನು ಅವನೇನೂ ಬೇಡಿಕೊಂಡು ಬಂದಿರಲಿಲ್ಲ, ಅದರಿಂದ ಅವನಿಗೆ ಅಂಥ ಲಾಭವೂ ಆಗಿರಲಿಲ್ಲ. ಬಸ್ಸಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಾಗಿ ನಿಲ್ಲಬೇಕಿತ್ತು. ಓಣಿಯಲ್ಲಿ ಯಾರ ಮನೆಯ ಟ್ಯೂಬ್‌ಲೈಟ್ ಕೆಟ್ಟರೂ ಅವನಿಗೇ ಕರೆ ಬರುತ್ತಿತ್ತು.

"ಏನ್ರಿ, ನೀವು ಬ್ಯಾಸ್ಕೆಟ್‌ಬಾಲ್ ಆಡೀರಿ?" ಎದುರಿನ ಕುರ್ಚಿ ಎಳೆದು ಕೂತು ಸೇಠರು ಕೇಳಿದರು.

ಎಣ್ಣೆಯಿಂದ ಆಗಷ್ಟೇ ಎದ್ದು ಬಂದ ಮಿರ್ಚಿ ಖಮರನ ನಾಲಿಗೆಯ ಮೇಲೆ ಒಲೆ ಹೂಡಿತ್ತು. ಉಗುಳೋಣವೆಂದರೆ ಎದುರಿಗೆ ದೊಡ್ಡ ಮನುಷ್ಯರು. ನುಂಗೋಣವೆಂದರೆ ಗಂಟಲು ಒಲ್ಲೆ ಅನ್ನುತ್ತಿತ್ತು. ಬಾಯಿ ತೆರೆದು ಗಾಳಿ ಎಳೆದುಕೊಳ್ಳುವುದೊಂದೇ ಉಳಿದ ದಾರಿ.

"ಹಾಂ... ಹಾಂ..."

"ಎಲ್ಲಿತನಕ ಆಡೀರಿ? ಜಿಲ್ಲಾ? ಸ್ಟೇಟ್?"

"ಹಾಂ! ಹಾಂ! ಹಾಂ!"

ಖಮರನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಸೇಠರ ಮನಸ್ಸು ಕರಗಿತು.

"ಅಳಬ್ಯಾಡ್ರಿ ಭಾಯಿ. ಹಳೇ ದಿನ ನೆನಪಾದ್ರ ಯಾರಿಗಾದ್ರೂ ಹಿಂಗೇ ಆಗ್ತದ," ಎಂದು ಅವರು ಬೆನ್ನು ತಟ್ಟಿದರು. ತಟ್ಟಿದ ರಭಸಕ್ಕೆ ಮಿರ್ಚಿ ಗಂಟಲ ಅರ್ಧಕ್ಕೆ ಇಳಿದು ಅಲ್ಲೇ ಬೀಡುಬಿಟ್ಟಿತು. "ನನಗ ನಿಮ್ಮಂಥವರೇ ಬೇಕಾಗಿದ್ರು. ನನ್ನ ಟೀಮಿನ್ಯಾಗ ಮೂರು ಮಂದಿ ಹೊಸ ಪೋರಗೋಳು ಹಾರ. ಇಲ್ಲೇ ಸುತ್ತಮುತ್ತಲವ್ರು. ಯಾವಾಂವ ಬೆಳೀತಾನ, ಯಾವಾಂವ ಬೆಳೆಯಂಗಿಲ್ಲ, ಯಾರ ಮುಂದಿನ ಕಿಮ್ಮತ್ತು ಹ್ಯಾಂಗದ, ಒಬ್ಬರು ತಿಳಿದವ್ರು ನೋಡಿ ಹೇಳಬೇಕು. ಇವತ್ತ ಸಂಜಿಗೇ ಫೈಸಲಾ ಆಗಬೇಕು. ಹೊತ್ತು ಇಳಿದ ಮ್ಯಾಲ ಮಿಲ್ಲಿಗೆ ಬರ್ರಿ."

ಖಮರ ಎರಡೂ ಕೈ ಆಡಿಸಿ ಬೇಡ ಬೇಡ ಎಂದ. ಸೇಠರು ಆ ಕೈಗಳನ್ನು ಹಿಡಿದು ಕುಲುಕಿ ಹೊರಟುಹೋದರು. ಅವನು ಒಂದು ತಂಬಿಗೆ ನೀರು ಕುಡಿದು ಮಾತು ಬಂದಾಗ, ಕೇಳಲು ಸೇಠರಿರಲಿಲ್ಲ. ಕೇಳಿಸಿಕೊಂಡಿದ್ದ ಹೋಟೆಲಿನ ಮಂದಿ ಮಾತ್ರ ಇದ್ದರು. ಅವರೆಲ್ಲ ಅವನನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು.

* * *

ಖಮರ ಕೆಲಸಕ್ಕಿದ್ದದ್ದು ಅನಂತರಾಯರ ಬಟ್ಟೆ ಅಂಗಡಿಯಲ್ಲಿ. ಮೇಲಿನ ಖಾನೆಯ ಸೀರೆ ಕಟ್ಟುಗಳನ್ನು ಕೈಯೆತ್ತಿ ಇಳಿಸುವುದು, ಗಿರಾಕಿಗಳ ಮುಂದೆ ಹರವಿ ಹೊಗಳುವುದು, ಅವರು ಒಲ್ಲೆವೆಂದು ಎದ್ದು ಹೋದ ಮೇಲೆ ಮಡಚಿ ಮತ್ತೆ ಮೇಲಿಡುವುದು. ದಿನವೆಲ್ಲ ನಿಂತೇ ಮಾಡುವ ಕೆಲಸ. ಮಾಲಕರ ಪಕ್ಕದಲ್ಲಿ ಗಲ್ಲೆಯ ಹಿಂದೆ ಒಂದು ಕುರ್ಚಿ ಖಾಲಿ ಬಿದ್ದಿರುತ್ತಿತ್ತು. ಅದರ ಮೇಲೆ ಕೂತು ಕಾಲು ಚಾಚಬೇಕೆಂಬುದು ಅವನ ಬಹುದಿನದ ಆಸೆ.

ಅವನು ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆಯೇ ಸುದ್ದಿ ಹತ್ತಿತ್ತು.

"ಇಷ್ಟು ವರ್ಷ ಆತು ನನ್ನ ಅಂಗಡ್ಯಾಗ ಇದ್ದು, ಸ್ಟೇಟಿಗೆ ಆಡೇನಿ ಅಂತ ಒಂದ್ ದಿನಾನಾದ್ರ ಬಾಯಿ ಬಿಟ್ಟಿಯೇನಲೇ?" ಅನಂತರಾಯರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಡಲು ಹೋಗಿ, ಎಟಕದೆ ಮೊಣಕೈ ಹಿಡಿದರು.

"ಮಾಲಕರ, ನಾ ಆಡೇ ಇಲ್ರಿ. ಆ ಚೆಂಡು ಮುಟ್ಟಿ ಸೈತ ಗೊತ್ತಿಲ್ಲ."

"ನೋಡು, ನೋಡು! ದೊಡ್ಡ ಆಟಗಾರರೆಲ್ಲ ಹಿಂಗೇ ಅಂತಾರ."

"ಖರೇ ಹೇಳಾಕತ್ತೇನ್ರಿ. ಬಾಯಾಗ ಮಿರ್ಚಿ ಇತ್ತು, ಅದಕ್ಕ..."

"ಆತು, ಮಿರ್ಚಿ ಇತ್ತು. ಈಗ ನನ್ನ ಮಾತು ಕೇಳು." ಅನಂತರಾಯರು ದನಿ ಇಳಿಸಿದರು. "ಆ ಮೂವರೊಳಗ ಅನೂಪ ಅಂತ ಒಬ್ಬ ಹಾನಲ್ಲ, ಅಂವ ಯಾರಂತ ತಿಳದಿ? ಇಜೇರಿಗೆ ಕೊಟ್ಟ ನನ್ನ ತಂಗಿ ತುಳಸಾಬಾಯಿ ಮಗ. ನನ್ನ ಮಗಳು ಮಂಜರಿಗೆ ಅವನನ್ನೇ ಗೊತ್ತು ಮಾಡೇವಿ. ಆಕಿ ಆಳಂದ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ ಅಂತ ಹಟ ಹಿಡದಾಳ. ಅನೂಪ ಟೀಮಿನ್ಯಾಗ ಉಳದ್ರ ಊರಾಗೇ ಇರ್ತಾನ, ಆಟ ಇಲ್ಲದಾಗ ಅಂಗಡಿನೂ ನೋಡ್ಕೋತಾನ. ಅವನಿಗೆ ಕಿಮ್ಮತ್ತಿಲ್ಲ ಅಂತ ನೀ ಏನಾದ್ರೂ ಅಂದ್ಯೋ..."

"ಅನ್ನಂಗಿಲ್ರಿ."

"ಒಂದನೇ ನಂಬರ್ ಅನ್ನು. ನಾಳಿಂದ ನೀ ನಿಂದ್ರೋದು ಬ್ಯಾಡ. ಆ ಕುರ್ಚಿ ನಿಂದು."

ಖಮರ ಕುರ್ಚಿಯ ಕಡೆ ನೋಡಿದ. ಅದರ ದಿಂಬು ಎಷ್ಟು ಮೆತ್ತಗೆ ಕಾಣುತ್ತಿತ್ತೆಂದರೆ, ಮುಂದೆ ಸತ್ಯ ಹೇಳಬೇಕೆಂಬ ಅವನ ಹಟವೂ ಅಷ್ಟೇ ಮೆತ್ತಗಾಯಿತು. ಅನೂಪ ಒಂದನೇ ನಂಬರ್. ಅದಕ್ಕೇನಂತೆ? ಯಾರಾದರೂ ಒಬ್ಬರು ಒಂದನೇ ನಂಬರ್ ಆಗಲೇಬೇಕಲ್ಲ.

* * *

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಪಕ್ಕದ ಮನೆಯ ಗೌಸಿಯಾಬೇಗಂ ಕಟ್ಟೆಯ ಮೇಲೆ ಕೂತು, "ಭಾಯಿಜಾನ್, ಇಂಡಿಯಾಕ್ಕೂ ಆಡೀರಂತಲ್ಲ?" ಎಂದರು. ಬಸ್ ಸ್ಟ್ಯಾಂಡಿನಿಂದ ಓಣಿಗೆ ಬರುವಷ್ಟರಲ್ಲಿ ಅವನಿಗೆ ಬಡ್ತಿಯಾಗಿತ್ತು.

ಮನೆಯೊಳಗೆ ಯಾಸ್ಮೀನ ಕೈ ಕಟ್ಟಿಕೊಂಡು ನಿಂತಿದ್ದಳು. ಅವನಿಗೆ ಒಂದು ನೆಮ್ಮದಿಯೆನಿಸಿತು. ಲೋಕದಲ್ಲಿ ಯಾರು ನಂಬದಿದ್ದರೂ ಹೆಂಡತಿ ಸತ್ಯ ನಂಬುತ್ತಾಳೆ. ಮದುವೆಯಾದಂದಿನಿಂದ ಅವನು ಓಡಿದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

"ಯಾಸ್ಮೀನ, ನನಗ ಆ ಆಟದ ಗಂಧಾನೂ ಗೊತ್ತಿಲ್ಲಂತ ನಿನಗಾದ್ರ ಗೊತ್ತದಲ್ಲ?"

"ನನಗ ಗೊತ್ತಿಲ್ಲಾರದೇ ಏನು?"

"ಮತ್ತ ನಾ ಹೋಗಿ ಏನಂತ ಹೇಳಲಿ?"

"ಗೊತ್ತಿದ್ದವರಿಗೆ ತ್ರಾಸ ಇರ್ತದ್ರಿ. ಅದು ನೋಡಬೇಕು, ಇದು ನೋಡಬೇಕು, ಇಮಾನದಿಂದ ಹೇಳಬೇಕು. ನಿಮಗೇನೂ ಗೊತ್ತಿಲ್ಲ. ಗೊತ್ತಿಲ್ಲಾಂದ ಮ್ಯಾಲ ನಮ್ಮ ಮುರ್ತುಜಾನ ಹೆಸರು ಹೇಳಾಕ ನಿಮಗೇನು ಅಡ್ಡಿ?"

ಮುರ್ತುಜಾ ಯಾಸ್ಮೀನಳ ಅಣ್ಣನ ಮಗ. ಹಿಂದಿನ ಓಣಿಯಲ್ಲೇ ಮನೆ. ಇವಳೇ ಎತ್ತಿ ಆಡಿಸಿದ ಕೂಸು ಈಗ ಭೀಮಾ ಬಿಜಲಿಯಲ್ಲಿ ಸಂಬಳ ಎಣಿಸುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ದಿನಾ ಮಧ್ಯಾಹ್ನ ಬಂದು ಇವಳ ಕೈಯಡುಗೆ ಉಂಡು, "ಫುಪ್ಪಿ, ಇಂಥಾ ಖುಷ್ಕಾ ಕಲಬುರಗ್ಯಾಗೂ ಸಿಗಂಗಿಲ್ಲ," ಎಂದು ಬಾಯ್ತುಂಬ ಹೇಳುವವನು ಅವನೊಬ್ಬನೇ. ಖಮರ ಉಂಡು ಕೈ ತೊಳೆದು ಎದ್ದು ಹೋಗುವ ಜಾತಿ.

"ಸೇಠರು ಅವನಿಗೆ ತೆಗೆದುಹಾಕಿದ್ರ ಭಾಭಿ ಅವನನ್ನ ಸೋಲಾಪುರಕ್ಕ ಕಳಸ್ತಾಳಂತ, ಟೈರ್ ಅಂಗಡಿಗೆ," ಯಾಸ್ಮೀನ ಅನ್ನದ ಪಾತ್ರೆಯ ಮುಚ್ಚಳ ಮುಚ್ಚಿದಳು. "ಅಂವ ಊರು ಬಿಟ್ಟ ದಿನ ಈ ಮನ್ಯಾಗ ಒಲಿ ಹತ್ತಂಗಿಲ್ಲ ನೋಡ್ರಿ."

"ಆದ್ರ ಅನಂತರಾಯರು..."

"ಅನಂತರಾಯರು ನಿಮಗ ಊಟಕ್ಕ ಹಾಕ್ತಾರೇನು?"

ಖಮರ ತಟ್ಟೆಯ ಮುಂದೆ ಕೂತಿದ್ದ. ತಟ್ಟೆ ಇನ್ನೂ ಖಾಲಿ ಇತ್ತು. ಅವನು ಬೇಗ ಒಪ್ಪಿಕೊಂಡ.

ಹೀಗೆ ಒಂದನೇ ನಂಬರಿಗೆ ಇಬ್ಬರಾದರು.

* * *

ಹೊತ್ತು ಇಳಿಯುತ್ತಿದ್ದಂತೆ ಮಿಲ್ಲಿನ ದಾರಿ ಹಿಡಿದ. ಅರ್ಧ ದಾರಿಯಲ್ಲಿ ಬೇವಿನ ಗಿಡದ ಕೆಳಗೆ ಒಬ್ಬ ಮುದುಕಿ ಮುಂದೊಂದು ಗಂಟು ಇಟ್ಟುಕೊಂಡು ಕೂತಿದ್ದಳು. ಇವನನ್ನು ಬುಡದಿಂದ ತುದಿಯ ತನಕ ನೋಡಿ, "ಎತ್ತರದಾಂವ ನೀನೇ ಏನಪಾ?" ಎಂದಳು.

"ಹೌದ್ರಿ ಖಾಲಾ."

"ನಾ ಮಣ್ಣೂರ ಜೈತುನಬಿ. ಚಾಂದಪಾಶಾನ ಅಜ್ಜಿ. ಇವತ್ತ ಯಾರೋ ಬಂದು ಕಿಮ್ಮತ್ತು ಕಟ್ತಾರಂತ ಪೋರ ಮುಂಜಾನೆ ಫೋನ್ ಮಾಡಿದ್ದ. ಹಂಗೇ ಬಸ್ ಹತ್ತೇನಿ. ಅಫಜಲಪುರದಾಗ ಇನ್ನೊಂದು ಬಸ್ ಬದಲಿ ಮಾಡಿ ಬರೋದ್ರಾಗ ಸೊಂಟ ಹೋತು." ಅವಳು ಗಂಟು ಬಿಚ್ಚಿದಳು. ಶೇಂಗಾ ಹೋಳಿಗೆಯ ವಾಸನೆ ಎದ್ದಿತು. "ತಗೋ, ತಿನ್ನು."

ಖಮರ ಹೋಳಿಗೆ ಕೈಗೆ ತೆಗೆದುಕೊಂಡ. ಒಂದನೇ ನಂಬರಿಗೆ ಮೂರನೆಯವನೂ ಬಂದನಲ್ಲ! "ಖಾಲಾ, ನಿಮ್ಮ ಮೊಮ್ಮಗನಿಗೂ ಒಂದನೇ..."

"ಛೀ! ಯಾರು ಕೇಳಿದ್ರು?" ಜೈತುನಬಿ ಹೋಳಿಗೆ ಹಿಡಿದ ಅವನ ಕೈಯನ್ನೇ ತಡೆದಳು. "ಅಂವ ಏನೂ ಉಪಯೋಗಿಲ್ಲ ಅನ್ನು. ಮನಿಗೆ ಅಟ್ಟು ಅನ್ನು. ನದಿ ದಂಡ್ಯಾಗ ನಮ್ಮದು ಕಲ್ಲಂಗಡಿ ತ್ವಾಟ ಅದ. ಹೊಲದಾಗ ನಿಂತು ಲಾರಿಗೆ ಹಣ್ಣು ಒಗೀತಾರ, ಮ್ಯಾಲ ಒಬ್ಬಾಂವ ಹಿಡೀತಾನ. ಚಾಂದಪಾಶಾ ಇದ್ದಾಗ ಒಂದು ಹಣ್ಣು ನೆಲಕ್ಕ ಬಿದ್ದಿಲ್ಲ. ಅಂವ ಈ ಆಟಕ್ಕ ಬಂದಾಗಿಂದ ನನ್ನ ಲಾರಿ ತುಂಬ ಬರೇ ಕೆಂಪು ನೀರು. ಊರಾಗಿನ ಕತ್ತೆಗೋಳಿಗೆ ಹಬ್ಬ. ಈ ಸಲ ಹಣ್ಣು ಬರೋದ್ರಾಗ ಅಂವ ನನಗ ಬೇಕು."

ಖಮರನಿಗೆ ಅವಳ ಕಾಲು ಹಿಡಿಯಬೇಕೆನಿಸಿತು. ಇಡೀ ದಿನದಲ್ಲಿ ಅವನ ಕೆಲಸವನ್ನು ಹಗುರ ಮಾಡಿದವಳು ಇವಳೊಬ್ಬಳೇ. ಮೂವರಲ್ಲಿ ಒಬ್ಬ ಕಳೆದ. ಉಳಿದವರಿಬ್ಬರು. ಅಷ್ಟನ್ನು ಹೇಗಾದರೂ ಸಂಭಾಳಿಸಬಹುದು. ಅವನು ಹೋಳಿಗೆ ತಿಂದು, ಮುದುಕಿಯನ್ನೂ ಜೊತೆಗೆ ಕರೆದುಕೊಂಡು ಮಿಲ್ಲಿಗೆ ಹೋದ.

* * *

ಮಿಲ್ಲಿನ ಹಿಂದೆ, ತೊಗರಿ ಒಣಹಾಕುವ ಕಣದ ಪಕ್ಕದಲ್ಲೇ ಸೇಠರು ಕೋರ್ಟ್ ಕಟ್ಟಿಸಿದ್ದರು. ಚೆಂಡು ಪುಟಿದಾಗಲೆಲ್ಲ ಹಳದಿ ಧೂಳು ಏಳುತ್ತಿತ್ತು. ಒಂದು ಬದಿಗೆ ಅನಂತರಾಯರು ಅಂಗಡಿ ಮುಚ್ಚಿ ಬಂದು ನಿಂತಿದ್ದರು. ಇನ್ನೊಂದು ಬದಿಗೆ ಯಾಸ್ಮೀನ ಡಬ್ಬಿ ಹಿಡಿದು ನಿಂತಿದ್ದಳು, ಮುರ್ತುಜಾ ಆಡಿ ಹಸಿದರೆ ಎಂದು. ಜೈತುನಬಿ ತೊಗರಿ ಚೀಲದ ಮೇಲೆ ಕೂತಳು. ಮೂವರ ಮೂರು ಜೊತೆ ಕಣ್ಣು ಖಮರನ ಬೆನ್ನಿಗೆ ಇಸ್ತ್ರಿಪೆಟ್ಟಿಗೆಯ ಹಾಗೆ ತಾಕುತ್ತಿದ್ದವು.

ಮೊದಲು ಅನೂಪ ಬಂದ. ಕೂದಲಿಗೆ ಎಣ್ಣೆ, ಕೈಗೆ ಪಟ್ಟಿ, ಕಾಲಿಗೆ ಮಿಂಚುವ ಬೂಟು. ಚೆಂಡನ್ನು ಕಾಲ ಸಂದಿಯಿಂದ, ಬೆನ್ನ ಹಿಂದಿನಿಂದ ತಂದು, ಗರಗರ ತಿರುಗಿ, ಹಾರಿ ಎಸೆದ. ಅದು ಬುಟ್ಟಿಯ ಗೊಡವೆಗೇ ಹೋಗದೆ ಕಣದ ತೊಗರಿ ರಾಶಿಯಲ್ಲಿ ಹೂತುಕೊಂಡಿತು.

"ಹ್ಯಾಂಗದ್ರಿ?" ಸೇಠರು ಕೇಳಿದರು.

ಖಮರನಿಗೆ ಆಟದ ಒಂದು ಮಾತೂ ಗೊತ್ತಿರಲಿಲ್ಲ. ಅವನಿಗೆ ಹೊಗಳಿ ಗೊತ್ತಿದ್ದದ್ದು ಬಟ್ಟೆಯನ್ನು ಮಾತ್ರ. ಅನೂಪನ ತೋಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ, "ಮಾಲು ಛಲೋ ಅದರಿ. ಬಣ್ಣ ಹೋಗಂಗಿಲ್ಲ. ತೊಳದಷ್ಟೂ ಹೊಳಪು ಬರ್ತದ," ಎಂದ.

ಸೇಠರು ಹುಬ್ಬೇರಿಸಿದರು. ಇಷ್ಟು ದಿನ ಕೋಚ್ ಹೇಳುತ್ತಿದ್ದ ಇಂಗ್ಲಿಷ್ ಮಾತುಗಳಲ್ಲಿ ಅವರಿಗೆ ಒಂದೂ ತಿಳಿದಿರಲಿಲ್ಲ. ಇದು ತಿಳಿಯಿತು.

ಮುರ್ತುಜಾ ಬಂದ. ಫುಪ್ಪಿಯ ಖುಷ್ಕಾ ಅವನ ಸೊಂಟದ ಸುತ್ತ ನೆಲೆಸಿತ್ತು. ಕೋರ್ಟಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಹಳೆಯ ಮೋಟಾರಿನ ಹಾಗೆ ಏದುಸಿರು ಬಿಟ್ಟ. ಎಸೆದ ಚೆಂಡು ಹಲಗೆಗೆ ಬಡಿದು ಅವನ ತಲೆಗೇ ವಾಪಸ್ ಬಂತು.

"ಇದು ದಪ್ಪ ನೇಯ್ಗಿ ಮಾಲ್ರಿ," ಖಮರ ತಡಮಾಡಲಿಲ್ಲ. "ಕೈಯಾಗ ಹಿಡದ್ರ ಗೊತ್ತಾಗ್ತದ, ತೂಕ ಅದ. ಹರಿಯೋ ಮಾತೇ ಇಲ್ಲ."

"ವಾಹ್," ಅಂದರು ಸೇಠರು.

ಆಮೇಲೆ ಚಾಂದಪಾಶಾ. ಸಣಕಲು ಹುಡುಗ, ಮಾತಿಲ್ಲ, ಬೂಟಿನ ಹಿಮ್ಮಡಿ ಸವೆದಿತ್ತು. ಯಾರು ಎಲ್ಲಿಂದ ಎಸೆದರೂ ಚೆಂಡು ಅವನ ಕೈಗೆ ತಾನಾಗಿ ಬಂದು ಕೂರುತ್ತಿತ್ತು. ನಿಂತಲ್ಲಿಂದ ಎಸೆದ, ಚೆಂಡು ಬುಟ್ಟಿಯೊಳಗೆ ಇಳಿಯಿತು. ಓಡುತ್ತ ಎಸೆದ, ಇಳಿಯಿತು. ಕಣದ ಆಚೆಯಿಂದ ಎಸೆದ. ಬಲೆ ಅಲುಗಿದ್ದು ಬಿಟ್ಟರೆ ಸದ್ದೇ ಇಲ್ಲ. ಮಿಲ್ಲಿನ ಕೆಲಸಗಾರರು ಚೀಲ ಇಳಿಸಿ ಚಪ್ಪಾಳೆ ತಟ್ಟಿದರು. ಏನೂ ತಿಳಿಯದ ಖಮರನಿಗೂ ಮೈ ಜುಮ್ಮೆಂದಿತು. ಅವನ ಕೈಗಳು ಚಪ್ಪಾಳೆಗೆಂದು ಮೇಲೆದ್ದವು. ಜೈತುನಬಿ ಕೆಮ್ಮಿದಳು. ಕೈಗಳು ಕೆಳಗಿಳಿದವು.

"ಮೈ ಜಾಳು ಅದರಿ," ಎಂದ ಮೆಲ್ಲಗೆ. "ಅಂಚು ನೋಡಿ ಮೋಸ ಹೋಗಬಾರ್ದು."

"ಆದ್ರ ಎಲ್ಲಾ ಬುಟ್ಟ್ಯಾಗೇ ಬೀಳಾಕತ್ತಾವಲ್ರಿ?"

"ಇವತ್ತ ಬೀಳಾಕತ್ತಾವ. ನೀವು ಕೇಳಿದ್ದು ಮುಂದಿಂದು."

ಚಾಂದಪಾಶಾ ಚೆಂಡು ಹಿಡಿದುಕೊಂಡೇ ಇವನ ಕಡೆ ನೋಡಿದ. ಸಿಟ್ಟಿನ ನೋಟವಲ್ಲ. ತಾನೇನು ತಪ್ಪು ಮಾಡಿದೆನೆಂದು ಹುಡುಕುವವನ ನೋಟ. ಖಮರ ತಲೆ ತಗ್ಗಿಸಿದ. ತಗ್ಗಿಸಿದರೂ ಎಲ್ಲರಿಗಿಂತ ಎತ್ತರವೇ ಇದ್ದ.

"ನೀವೂ ಒಂದು ಒಗೀರಿ, ಪೋರಗೋಳು ನೋಡಿ ಕಲೀಲಿ," ಎಂದು ಸೇಠರು ಚೆಂಡು ತಂದು ಕೈಗಿಟ್ಟರು.

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಖಮರ ಚೆಂಡನ್ನು ಸೀರೆ ಗಂಟಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಬುಟ್ಟಿಯ ಕೆಳಗೆ ನಡೆದ. ಖಾನೆಯ ಮೇಲೆ ಕಟ್ಟು ಎಸೆಯುವ ಹಾಗೆ ಎಸೆದ. ಚೆಂಡು ಬುಟ್ಟಿಯ ಬಳೆಗೂ ಹಲಗೆಗೂ ನಡುವೆ ಸಿಕ್ಕಿಕೊಂಡು ಅಲ್ಲೇ ನಿಂತಿತು. ಸಂಜೆಯ ಬಿಸಿಲಿನಲ್ಲಿ ಎಲ್ಲರೂ ಮೇಲೆ ನೋಡುತ್ತ ನಿಂತರು.

"ಇಂಥಾದು ನಾ ಎಂದೂ ನೋಡಿದ್ದಿಲ್ಲ," ಸೇಠರು ಭಕ್ತಿಯಿಂದ ಹೇಳಿದರು.

ಚಾಂದಪಾಶಾ ಒಮ್ಮೆ ಹಾರಿ ಚೆಂಡನ್ನು ಬಿಡಿಸಿದ. ಕೆಳಗಿಳಿದಾಗ ಅವನ ಮುಖದಲ್ಲಿ ಹುಡುಕಾಟ ಹೋಗಿತ್ತು. ಈ ಮನುಷ್ಯ ಯಾರೆಂಬುದು ಅವನಿಗೆ ತಿಳಿದುಹೋಗಿತ್ತು.

* * *

ಚಾ ಬಂತು. ಸೇಠರು ಫೋನು ಮುಂದಿಟ್ಟುಕೊಂಡು, "ಹೇಳ್ರಿ ಈಗ," ಎಂದರು.

ಖಮರ ಗಂಟಲು ಸರಿಮಾಡಿಕೊಂಡ. "ಮುರ್ತುಜಾ ಒಂದನೇ ನಂಬರ್ ಮಾಲ್ರಿ."

ಯಾಸ್ಮೀನಳ ಮುಖ ಅರಳಿತು. ಅನಂತರಾಯರ ಮುಖ ಕಪ್ಪಿಟ್ಟಿತು.

"ಅನೂಪನೂ ಒಂದನೇ ನಂಬರ್."

ಅನಂತರಾಯರು ಅರಳಿದರು.

"ಇಬ್ರೂ ಹ್ಯಾಂಗ್ರಿ ಒಂದನೇ ನಂಬರ್?"

"ಒಂದು ಕಾಟನ್, ಒಂದು ಸಿಲ್ಕ್ ರೀ ಸೇಠ್ರ. ಎರಡರ ಗಿರಾಕಿ ಬ್ಯಾರೆ ಬ್ಯಾರೆ."

ಸೇಠರು ತಲೆದೂಗಿದರು. "ಚಾಂದಪಾಶಾ?"

ಖಮರ ಚೀಲದ ಮೇಲಿನ ಮುದುಕಿಯ ಕಡೆ ನೋಡಿದ. ಹುಡುಗನ ಕಡೆ ನೋಡಲಿಲ್ಲ. "ಅವನಿಗೆ ಮುಂದಿನ ಕಿಮ್ಮತ್ತೇ ಇಲ್ರಿ."

ಮೂವರು ಹಿರಿಯರೂ ಒಮ್ಮೆಲೇ ಉಸಿರು ಬಿಟ್ಟರು. ಇಡೀ ದಿನದಲ್ಲಿ ಮೊದಲ ಬಾರಿಗೆ ಖಮರನಿಗೆ ಸುಖವೆನಿಸಿತು. ಹೆಂಡತಿ ನಗುತ್ತಿದ್ದಳು, ಮಾಲಕರು ನಗುತ್ತಿದ್ದರು, ಹೋಳಿಗೆ ಕೊಟ್ಟವಳೂ ನಗುತ್ತಿದ್ದಳು. ಯಾರನ್ನೂ ನೋಯಿಸದೆ ದಿನ ದಾಟಿಸಿದೆನೆಂದು ಅವನು ಚಾ ಬಾಯಿಗಿಟ್ಟ.

ಸೇಠರು ಫೋನು ಕಿವಿಗಿಟ್ಟರು. "ಹಲೋ, ಗುವಾಹಟಿ? ಹಾಂ ಜೀ. ದೋನೋ ಅವ್ವಲ್ ನಂಬರ್ ಹೈಂ. ಸ್ಟೇಟ್ ಲೆವಲ್ ಪ್ಲೇಯರ್ ದೇಖ್ ಕೆ ಬೋಲೇ ಹೈಂ... ಹಾಂ, ಪಕ್ಕಾ. ಮುರ್ತುಜಾ ಔರ್ ಅನೂಪ. ದೋನೋ ಆಪ್ಕೇ. ಕಲ್ ಹೀ ಭೇಜ್ತೂಂ."

ಚಾ ಖಮರನ ಬಾಯಲ್ಲೇ ನಿಂತಿತು.

"ಸೇಠ್ರ," ಅನಂತರಾಯರು ಮುಂದೆ ಬಂದರು, "ಎಲ್ಲಿಗೆ ಕಳಸ್ತೀರಿ? ಒಂದನೇ ನಂಬರ್ ಅಂದ್ರ ಇಟ್ಕೊಳ್ಳೋದಲ್ಲೇನ್ರಿ?"

"ಅನಂತರಾಯರ, ನೀವೂ ವ್ಯಾಪಾರಿ ಆಗಿ ಇದೇನು ಕೇಳ್ತೀರಿ?" ಸೇಠರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಒಂದನೇ ನಂಬರ್ ತೊಗರಿ ಬೇಳಿ ನಾ ಮನ್ಯಾಗ ಇಟ್ಕೋತೇನೇನ್ರಿ? ಅದು ಮುಂಬಯಿಗೆ ಹೋಗ್ತದ. ನುಚ್ಚು ಬೇಳಿ ಮನಿಗೆ ಉಳೀತದ. ಈ ಲೀಗಂದ್ರೂ ಅಷ್ಟೇ. ಕಪ್ ಗೆಲ್ಲಾಕ ಟೀಮ್ ತಗೊಂಡೇನಂತ ನಿಮಗ್ಯಾರು ಹೇಳಿದ್ರು? ಪೋರಗೋಳನ್ನ ತಯಾರ ಮಾಡೋದು, ಮುಂದಿನ ಕಿಮ್ಮತ್ತು ಇರೋರನ್ನ ಮಾರೋದು. ಗುವಾಹಟಿ ಟೀಮಿನವರು ತಿಳಿದವ್ರ ಸರ್ಟಿಫಿಕೇಟ್ ಬೇಕಂದಿದ್ರು, ಇವ್ರು ಕೊಟ್ರು. ಕಿಮ್ಮತ್ತಿಲ್ಲದಾಂವ ಇಲ್ಲೇ ಉಳೀತಾನ. ಚಾಂದಪಾಶಾ, ಇನ್ನ ಮ್ಯಾಲ ನೀನೇ ಕ್ಯಾಪ್ಟನ್. ಮೂರು ವರ್ಷ ಎಲ್ಲಿಗೂ ಹೋಗೋ ಹಂಗಿಲ್ಲ ನೋಡು."

ಮುರ್ತುಜಾ ಮತ್ತು ಅನೂಪ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಣಿದರು. ಇಬ್ಬರಿಗೂ ರೈಲಿನಲ್ಲಿ ಅಷ್ಟು ದೂರ ಹೋಗುವ ಯೋಗ ಹಿಂದೆಂದೂ ಬಂದಿರಲಿಲ್ಲ. "ಫುಪ್ಪಾ, ಜಿಂದಗಿ ಬನಾ ದಿಯೇ!" ಎಂದು ಮುರ್ತುಜಾ ಖಮರನ ಸೊಂಟ ತಬ್ಬಿದ.

ಕುಣಿಯದೆ ಉಳಿದವರು ಮೂವರು.

"ಗುವಾಹಟಿ!" ಯಾಸ್ಮೀನಳ ಕೈಯ ಡಬ್ಬಿ ನೆಲಕ್ಕೆ ಬಿತ್ತು. "ಸೋಲಾಪುರ ಆಗಿದ್ರ ಬಸ್ಸಿಗಾದ್ರೂ ಹೋಗಿ ಬರ್ತಿದ್ದೆ!"

"ಮಂಜರಿಗೆ ಏನಂತ ಹೇಳಲೋ?" ಅನಂತರಾಯರು ಗುಡುಗಿದರು. "ನಾಳಿಂದ ಅಂಗಡಿ ಮೆಟ್ಟಲಾ ಹತ್ತಬ್ಯಾಡ ನೀನು!"

"ನನ್ನ ಹೋಳಿಗಿ ತಿಂದು ನನಗೇ ಟೋಪಿ ಹಾಕಿದ್ಯಾ?" ಜೈತುನಬಿ ಚೀಲದಿಂದ ಇಳಿದಳು. "ಮೂರು ವರ್ಷದ ಕಲ್ಲಂಗಡಿ ಯಾರು ಹಿಡೀತಾರ, ನೀ ಬರ್ತೀಯೇನು ಲಾರಿ ಹತ್ತಾಕ?"

ಸೇಠರು ಮಾತ್ರ ಯಾವ ಗದ್ದಲವನ್ನೂ ಕಿವಿಗೆ ಹಾಕಿಕೊಳ್ಳದೆ ಖಮರನನ್ನೇ ನೋಡುತ್ತಿದ್ದರು. "ಈಗ ನನ್ನ ಟೀಮಿಗೆ ಇಬ್ಬರು ಕಮ್ಮಿ ಆದ್ರು. ನೀವಂತೂ ಸ್ಟೇಟಿಗೆ ಆಡಿದವ್ರು. ಅಂಗಡಿ ಕೆಲಸಾನೂ ಹೋತು. ಬರ್ರಲ್ಲ?"

ಖಮರ ಕೈ ಮುಗಿದ. "ಸೇಠ್ರ, ಖುದಾಕಿ ಕಸಮ್, ನಾ ಆಡಿದಾಂವ ಅಲ್ರಿ! ಬೆಳಿಗ್ಗೆ ಬಾಯಾಗ ಮಿರ್ಚಿ ಇತ್ತು. ಉರಿ ತಾಳಲಾರದ ಹಾಂ ಹಾಂ ಅಂದೆ."

"ಎಷ್ಟು ನಮ್ರತಾ!" ಸೇಠರು ಸುತ್ತಲಿನವರಿಗೆ ಹೇಳಿದರು.

ಖಮರ ಚಾಂದಪಾಶಾನ ಕಡೆ ತಿರುಗಿದ. ಈ ಊರಿನಲ್ಲಿ ಸತ್ಯ ಕಂಡವನು, ಹೇಳಿದರೆ ನಂಬಿಸಬಲ್ಲವನು ಅವನೊಬ್ಬನೇ. "ತಮ್ಮಾ, ನಿನಗ ಗೊತ್ತದ. ನೀ ನೋಡೀದಿ. ನಾ ನಿನ್ನ ಬಗ್ಗಿ ಅಂದಿದ್ದು ತಪ್ಪಾತಪಾ, ಮಾಫ್ ಮಾಡು. ಈಗ ಇದ್ದದ್ದು ಇದ್ಹಂಗ ಹೇಳಿಬಿಡು."

"ಅದೂ ಬರೋಬ್ಬರಿ," ಎಂದರು ಸೇಠರು. "ನೀನೇ ಕ್ಯಾಪ್ಟನ್. ಹೇಳಪಾ, ಇವರ ಮುಂದಿನ ಕಿಮ್ಮತ್ತು ಹ್ಯಾಂಗದ?"

ಚಾಂದಪಾಶಾ ಹತ್ತಿರ ಬಂದ. ಖಮರನ ತೋಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದ. ಕಾಲಿನಿಂದ ತಲೆಯ ತನಕ ನೋಡಿದ, ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ತೂಗಿ ತೂಗಿ ಹೇಳಿದ:

"ಏನೇನೂ ಇಲ್ರಿ ಸೇಠ್ರ. ಮುಂದಿನ ಕಿಮ್ಮತ್ತೂ ಇಲ್ಲ, ಇವತ್ತಿಂದೂ ಇಲ್ಲ. ಯಾವ ಊರಿನವರೂ ಇವರಿಗೆ ಕೇಳಂಗಿಲ್ಲ."

ಖಮರನ ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಾಯಿತು. "ಶುಕರ್ ಹೈ," ಎಂದು ಕಣ್ಣು ಮುಚ್ಚಿದ.

ಸೇಠರು ತೊಡೆ ತಟ್ಟಿ ಎದ್ದರು. "ಹಂಗಾದ್ರ ಮಾತೇ ಇಲ್ಲ. ಇವರನ್ನ ಇಟ್ಕೊಳ್ಳೋಣ!"

ಚಾಂದಪಾಶಾ ನಗು ತಡೆದುಕೊಂಡು ಚೆಂಡನ್ನು ಖಮರನ ಕೈಗಿಟ್ಟ. "ಮೊದ್ಲು ಕೋರ್ಟ್ ಸುತ್ತ ಓಡ್ರಿ. ನಾ ಸಾಕನ್ನೋತನಕ."

ಓಡುವುದು ತನ್ನಿಂದಾಗದೆಂದು ಖಮರ ಹೇಳಬೇಕೆಂದಿದ್ದ. ಹೇಳುವ ಮುನ್ನ ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ತಿರುಗಿ ನೋಡಿದ. ಯಾಸ್ಮೀನ, ಅನಂತರಾಯರು ಮತ್ತು ಜೈತುನಬಿ ಮೂರು ದಿಕ್ಕಿನಿಂದ ಅವನ ಕಡೆಗೇ ಬರುತ್ತಿದ್ದರು.

ಖಮರ ಓಡಿದ. ಅವನಿಗೆ ಅಷ್ಟು ಜೋರು ಓಟವಿದೆಯೆಂಬುದು ಆ ತನಕ ಯಾರಿಗೂ ಗೊತ್ತಿರಲಿಲ್ಲ.